ಡೆವಲಪರ್‌ ಅನ್ನು ಆರ್ಕಿಟೆಕ್ಟ್ ಆಗಿ ತೆಗೆದುಕೊಳ್ಳುವಾಗ ಏನು ಕೇಳಬೇಕು?

ಕುಶಾಲನಗರ, ಗೋಣಿಕೊಪ್ಪ, ಮಡಿಕೇರಿ ಕಡೆಯ ಸಣ್ಣ ಸಾಫ್ಟ್‌ವೇರ್ ಕಂಪನಿಗಳಿಗೆ ಜನರನ್ನು ಆರಿಸಿಕೊಡುವುದು ನನ್ನ ಕೆಲಸದ ಒಂದು ಭಾಗ. ಡೆವಲಪರ್ ಅಂದರೆ ಕೋಡ್ ಬರೆಯುವವರು, ಆರ್ಕಿಟೆಕ್ಟ್ ಅಂದರೆ ಇಡೀ ಸಾಫ್ಟ್‌ವೇರ್‌ನ ರಚನೆ ಹೇಗಿರಬೇಕು ಅಂತ ನಿರ್ಧರಿಸುವವರು. ಈಚೆಗೆ ಜಾಸ್ತಿ ಬರುವ ಪ್ರಶ್ನೆ ಇದು: "ನಮಗೆ ಆರ್ಕಿಟೆಕ್ಟ್ ಬೇಕು. ಬೆಂಗಳೂರಿನ ರೇಟ್ ನಮ್ಮಿಂದ ಆಗಲ್ಲ. ಹತ್ತು ವರ್ಷ ಅನುಭವ ಇರೋ ಡೆವಲಪರ್ ಒಬ್ಬರು ಊರಿಗೆ ವಾಪಸ್ ಬಂದು ತೋಟದ ಮನೆಯಿಂದಲೇ ಕೆಲಸ ಮಾಡ್ತಿದ್ದಾರೆ. ಅವರನ್ನೇ ತಗೊಳ್ಳಬಹುದಾ?"

ಖಂಡಿತ ತಗೊಳ್ಳಬಹುದು. ಆರ್ಕಿಟೆಕ್ಟ್‌ಗಳು ಬರುವುದೇ ಅಲ್ಲಿಂದ. ಆದರೆ ಡೆವಲಪರ್‌ಗೆ ಮಾಡುವ ಇಂಟರ್‌ವ್ಯೂವನ್ನೇ ಇನ್ನೂ ಸ್ವಲ್ಪ ಕಷ್ಟ ಮಾಡಿ ಇವರಿಗೂ ಮಾಡುತ್ತಾರಲ್ಲ, ಅದರಿಂದ ಏನೂ ಗೊತ್ತಾಗುವುದಿಲ್ಲ. ಎರಡು ರೌಂಡ್ ಕೋಡಿಂಗ್, ಆಮೇಲೆ "ಕಾಫ್ಕಾ ಗೊತ್ತಾ, ಕುಬರ್ನೆಟಿಸ್ ಮಾಡಿದ್ದೀರಾ, ಮೈಕ್ರೋಸರ್ವಿಸ್ ಅಂದ್ರೇನು" (ಮೊದಲೆರಡು ದೊಡ್ಡ ಸಿಸ್ಟಂ ನಡೆಸಲು ಬಳಸುವ ಟೂಲ್‌ಗಳು; ಮೈಕ್ರೋಸರ್ವಿಸ್ ಅಂದರೆ ಒಂದು ಸಾಫ್ಟ್‌ವೇರನ್ನು ಬೇರೆ ಬೇರೆಯಾಗಿ ಓಡುವ ಸಣ್ಣ ಸರ್ವಿಸ್‌ಗಳಾಗಿ ಒಡೆಯುವುದು). ಹತ್ತು ವರ್ಷ ಕೋಡ್ ಬರೆದವರಿಗೆ ಇದಕ್ಕೆಲ್ಲ ಉತ್ತರ ಬಾಯಿಪಾಠ. ಗೊತ್ತಿಲ್ಲದ ಟೂಲ್ ಇದ್ದರೂ ಎರಡು ಮೂರು ತಿಂಗಳಲ್ಲಿ ಕಲಿಯುತ್ತಾರೆ. ಕಲಿಸಲು ಕಷ್ಟವಾಗುವುದು ಬೇರೆ ಇದೆ.

ಕಾಫಿ ತೋಟದಲ್ಲಿ ಈ ತಿಂಗಳು ಕಳೆ ಹೊಡೆಸಲು ಆಗದಿದ್ದರೆ ಮುಂದಿನ ತಿಂಗಳು ಹೊಡೆಸಬಹುದು. ನೆರಳಿಗೆ ಯಾವ ಮರ ಅನ್ನುವುದನ್ನು ತಪ್ಪಿದರೆ ಸರಿ ಮಾಡಲು ವರ್ಷಗಟ್ಟಲೆ ಬೇಕು. ಡೆವಲಪರ್‌ ಎದುರು ಬರುವ ನಿರ್ಧಾರಗಳಲ್ಲಿ ಹೆಚ್ಚಿನವು ಮೊದಲನೇ ಜಾತಿಯವು. ಆರ್ಕಿಟೆಕ್ಟ್‌ಗೆ ಸಂಬಳ ಕೊಡುವುದು ಎರಡನೇ ಜಾತಿಗೆ. ಡೇಟಾದ ಆಕಾರ ಹೇಗಿರಬೇಕು, ಯಾವ ಲೆಕ್ಕಕ್ಕೆ ಯಾವ ಭಾಗ ಯಜಮಾನ, ಯಾವುದನ್ನು ನಾವೇ ಬರೆಯುವುದು, ಯಾವುದನ್ನು ಕೊಂಡುಕೊಳ್ಳುವುದು. ಇವುಗಳ ಫಲ ಕಾಣಿಸುವಷ್ಟರಲ್ಲಿ ಎರಡು ವರ್ಷ ಕಳೆದಿರುತ್ತದೆ.

ಹಾಗಾಗಿ ನಾನು ಮೊದಲು ಕೇಳುವುದು: "ನೀವು ಬೇಡ ಅಂದದ್ದು ಯಾವುದು?" ಕಟ್ಟಿದ್ದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ರೆಸ್ಯೂಮೆ ತುಂಬ ಅದೇ ಇರುತ್ತದೆ. ತಂಡಕ್ಕೆಲ್ಲ ಇಷ್ಟವಾಗಿದ್ದ ಒಂದು ಹೊಸ ಡೇಟಾಬೇಸನ್ನು ಬೇಡ ಅಂದವರು, ಯಾಕೆ ಬೇಡ ಅಂದೆ, ಆವಾಗ ಯಾರಿಗೆ ಬೇಜಾರಾಯಿತು, ಬೇಡ ಅಂದದ್ದರಿಂದ ನಷ್ಟ ಏನಾಯಿತು ಅಂತ ಬಿಡಿಸಿ ಹೇಳಿದರೆ ನನಗೆ ಅರ್ಧ ಇಂಟರ್‌ವ್ಯೂ ಮುಗಿದ ಹಾಗೆ. ನಷ್ಟವೇ ಆಗಲಿಲ್ಲ ಅಂದವರನ್ನು ಇನ್ನೊಂದೆರಡು ಪ್ರಶ್ನೆ ಕೇಳಿ ನೋಡುತ್ತೇನೆ. ನಷ್ಟವಿಲ್ಲದ ನಿರ್ಧಾರ ಆಗಿದ್ದರೆ ಅದಕ್ಕೆ ಆರ್ಕಿಟೆಕ್ಟ್ ಯಾಕೆ ಬೇಕಿತ್ತು?

ಎರಡನೆಯದು, ಆ ನಿರ್ಧಾರದ ಜೊತೆ ಎಷ್ಟು ಕಾಲ ಬದುಕಿದಿರಿ ಅನ್ನುವುದು. ನಮ್ಮ ಐಟಿಯಲ್ಲಿ ಸಂಬಳ ಏರಬೇಕು ಅಂದರೆ ಕಂಪನಿ ಬದಲಿಸಬೇಕು. ಹೀಗಾಗಿ ಒಂದೂವರೆ ವರ್ಷಕ್ಕೊಮ್ಮೆ ಜಾಗ ಬದಲಿಸಿದ ಒಳ್ಳೆಯ ಡೆವಲಪರ್‌ಗಳು ಬೇಕಾದಷ್ಟು ಜನ ಇದ್ದಾರೆ. ಅದು ಅವರ ತಪ್ಪಲ್ಲ. ಆದರೆ ತಾವು ನೆಟ್ಟದ್ದು ಏನಾಯಿತು ಅಂತ ಅವರು ನೋಡಿಯೇ ಇರುವುದಿಲ್ಲ. ಅಂಥವರಿಗೆ ಪ್ರಶ್ನೆಯನ್ನು ತಿರುಗಿಸುತ್ತೇನೆ: ಬೇರೆಯವರು ಕಟ್ಟಿ ಬಿಟ್ಟುಹೋದ ಸಿಸ್ಟಂ ನಿಮ್ಮ ಕೈಗೆ ಬಂದಾಗ ಏನು ಕಂಡಿರಿ? ಹಿಂದಿನವರನ್ನು ಬೈಯುತ್ತಲೇ ಹೋದರೆ ಒಂದು ಲೆಕ್ಕ. "ಅವತ್ತು ಅವರಿಗೆ ಇದ್ದ ಟೈಮಿಗೆ ಅದೇ ಸರಿ ಇತ್ತು" ಅನ್ನುವ ಮಾತು ಬಂದರೆ ಇನ್ನೊಂದು ಲೆಕ್ಕ.

ಮೂರನೆಯದಕ್ಕೆ ಬೋರ್ಡು, ಮಾರ್ಕರ್ ಬೇಕು. ಟ್ವಿಟರ್ ಡಿಸೈನ್ ಮಾಡಿ, ಊಬರ್ ಡಿಸೈನ್ ಮಾಡಿ ಅಂತ ಕೇಳುವುದನ್ನು ದಯವಿಟ್ಟು ಬಿಡಿ. ಅದರ ಉತ್ತರ ಯೂಟ್ಯೂಬ್‌ನಲ್ಲಿದೆ. ನಿಮ್ಮದೇ ವ್ಯವಹಾರ ಕೊಡಿ. ಕಾಫಿ ಖರೀದಿಯ ಸಾಫ್ಟ್‌ವೇರ್ ಮಾಡುವವರಿಗೆ ನಾನು ಬರೆದುಕೊಟ್ಟ ಸನ್ನಿವೇಶ ಹೀಗಿದೆ.

ಜನವರಿ, ಫೆಬ್ರವರಿ. ರೋಬಸ್ಟಾ ಕೊಯ್ಲು ಜೋರು. ವ್ಯಾಪಾರಿಯ ಹುಡುಗ ತೋಟದ ಕಣಕ್ಕೆ ಹೋಗಿ ಒಣಗಿದ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ತೂಗುತ್ತಾನೆ. ಮೂಟೆಗೆ 50 ಕೆಜಿ. ತೇವ ನೋಡುತ್ತಾನೆ, ಔಟ್‌ಟರ್ನ್ ನೋಡುತ್ತಾನೆ, ಅಂದರೆ ಆ 50 ಕೆಜಿಯಲ್ಲಿ ಸಿಪ್ಪೆ ತೆಗೆದ ಬೀಜ ಎಷ್ಟು ಕೆಜಿ ಸಿಗುತ್ತದೆ ಅಂತ. ಎಲ್ಲವನ್ನೂ ಫೋನ್‌ನಲ್ಲಿ ಹಾಕಿ ಬೆಳೆಗಾರರಿಗೆ ಚೀಟಿ ಕೊಡುತ್ತಾನೆ. ಗುಡ್ಡದ ಮರೆಯಲ್ಲಿ ಸಿಗ್ನಲ್ ಇಲ್ಲ. ಕಳಿಸು ಅಂತ ಒತ್ತುತ್ತಾನೆ, ಹೋಗಲ್ಲ. ಮತ್ತೆ ಒತ್ತುತ್ತಾನೆ. ರಸ್ತೆಗೆ ಬಂದ ಮೇಲೆ ಎರಡೂ ಹೋಗುತ್ತವೆ. ವಿರಾಜಪೇಟೆಯ ಆಫೀಸಿನಲ್ಲಿ 40 ಮೂಟೆ ಹೋಗಿ 80 ಮೂಟೆ. ಈಗ ಹೇಳಿ ಸರ್, ಏನು ಮಾಡ್ತೀರಿ?

"ಒಂದು ಸಲ ಒತ್ತಿದ ಮೇಲೆ ಬಟನ್ ಡಿಸೇಬಲ್ ಮಾಡ್ತೀನಿ" ಅನ್ನುವವರು ಇದ್ದಾರೆ. ಆ್ಯಪ್ ಮುಚ್ಚಿ ತೆರೆದರೆ ಮುಗಿಯಿತು, ಬಟನ್ ಮತ್ತೆ ಹಾಜರ್. ಅನುಭವ ಇರುವವರು ಚೀಟಿ ನಂಬರನ್ನು ಫೋನ್‌ನಲ್ಲೇ ಹುಟ್ಟಿಸುತ್ತಾರೆ. ಅದೇ ನಂಬರ್ ಎಷ್ಟು ಸಲ ಬಂದರೂ ಸರ್ವರ್ ಒಂದೇ ಸಲ ಲೆಕ್ಕಕ್ಕೆ ಹಿಡಿಯುತ್ತದೆ. ಒಳ್ಳೆಯ ಸೀನಿಯರ್ ಡೆವಲಪರ್ ಇಲ್ಲಿಗೆ ಬಂದೇ ಬರುತ್ತಾರೆ.

ಇದರ ಮುಂದಕ್ಕೆ ಹೋಗುತ್ತಾರಾ ಅನ್ನುವುದೇ ನನಗೆ ಬೇಕಾದದ್ದು. ಬೋರ್ಡಿನ ಮೇಲೆ ಸಿಸ್ಟಂನ ಒಂದೊಂದು ಭಾಗಕ್ಕೆ ಒಂದೊಂದು ಡಬ್ಬ ಬರೆಯುವ ಮುಂಚೆ ಪ್ರಶ್ನೆ ಕೇಳುತ್ತಾರಾ? "ಸರ್, ಕಾಫಿ ಹಾಕಿದ ದಿನವೇ ಬೆಲೆ ಕಟ್ಟುತ್ತಾರಾ?" ಅಂತ ಒಬ್ಬರು ಕೇಳಿದರು. ಇಲ್ಲಿನವರಿಗೆ ಗೊತ್ತು, ಎಲ್ಲರೂ ಅವತ್ತೇ ಬೆಲೆ ಕಟ್ಟುವುದಿಲ್ಲ. ಕಾಫಿ ಇವತ್ತು ವ್ಯಾಪಾರಿಗೆ ಹಾಕಿ, ರೇಟ್ ಏರಲಿ ಅಂತ ಕಾದು, ಮಳೆಗಾಲದಲ್ಲಿ ಬೆಲೆ ಕಟ್ಟಿಸುವವರೂ ಇದ್ದಾರೆ. ನಡುವೆ ಒಂದಿಷ್ಟು ಮುಂಗಡ ತೆಗೆದುಕೊಂಡಿರುತ್ತಾರೆ. ಅಂದರೆ ಮಾಲು ಬಂದದ್ದು ಒಂದು ಘಟನೆ, ಬೆಲೆ ಕಟ್ಟಿದ್ದು ಬೇರೆ ಘಟನೆ, ದುಡ್ಡು ಕೊಟ್ಟದ್ದು ಮತ್ತೊಂದು. ಇದನ್ನೆಲ್ಲ 'ಖರೀದಿ' ಅಂತ ಒಂದೇ ಟೇಬಲ್‌ನ ಒಂದೇ ಸಾಲಿಗೆ ತುರುಕಿದರೆ ಮೊದಲ ವರ್ಷ ಚೆನ್ನಾಗಿಯೇ ನಡೆಯುತ್ತದೆ. ಎರಡನೇ ವರ್ಷ ಅಕೌಂಟ್ಸ್‌ನವರು ಎಕ್ಸೆಲ್‌ಗೆ ವಾಪಸ್ ಹೋಗುತ್ತಾರೆ.

ಅವರೇ ಕೇಳಿದ ಇನ್ನೊಂದು ಪ್ರಶ್ನೆ: "ಬೆಳೆಗಾರರ ಕೈಲಿರೋ ಚೀಟಿಗೂ ಸರ್ವರ್ ಲೆಕ್ಕಕ್ಕೂ ವ್ಯತ್ಯಾಸ ಬಂದ್ರೆ ಯಾವುದು ಸರಿ?" ಕಂಪನಿಯ ಯಜಮಾನರು ಥಟ್ಟನೆ "ಚೀಟಿನೇ" ಅಂದರು. ಆ ಒಂದು ಉತ್ತರದಿಂದ ಬೋರ್ಡಿನ ಚಿತ್ರವೇ ಬದಲಾಯಿತು. ಚೀಟಿಯನ್ನು ತಿದ್ದುವಂತಿಲ್ಲ, ತಪ್ಪಿದ್ದರೆ ರದ್ದು ಮಾಡುವ ಇನ್ನೊಂದು ಚೀಟಿ ಬರೆಯಬೇಕು. ತೋಟದ ಲೆಕ್ಕ ಬರೆಯುವ ರೈಟರ್ ಲೆಡ್ಜರ್‌ನಲ್ಲಿ ಮಾಡುವುದೂ ಇದನ್ನೇ ಅಲ್ವಾ? ಆ ಅಭ್ಯರ್ಥಿಗೆ ಕುಬರ್ನೆಟಿಸ್ ಅಷ್ಟಾಗಿ ಬರುತ್ತಿರಲಿಲ್ಲ. ಅವರನ್ನೇ ತೆಗೆದುಕೊಳ್ಳಿ ಅಂದೆ.

ಇನ್ನು ಲೆಕ್ಕ. ಆರ್ಕಿಟೆಕ್ಟ್ ಆಗುವವರಿಗೆ ಕಾಗದದ ಮೇಲೆ ಗುಣಾಕಾರ ಮಾಡುವ ಅಭ್ಯಾಸ ಇರಬೇಕು. ನಾನು ಕೊಡುವುದು ಸಣ್ಣದು. ಒಂದು ಸರ್ವಿಸ್ 99.9 ಶೇಕಡಾ ಹೊತ್ತು ಕೆಲಸ ಮಾಡುತ್ತದೆ. ವರ್ಷಕ್ಕೆ ಎಷ್ಟು ಹೊತ್ತು ನಿಂತಿರುತ್ತದೆ? ಸುಮಾರು 8 ಗಂಟೆ 45 ನಿಮಿಷ. ಸರಿ, ಒಂದು ಚೀಟಿ ಉಳಿಸಲು ಇಂಥ ಐದು ಸರ್ವಿಸ್‌ಗಳು ಒಂದರ ಹಿಂದೆ ಒಂದು ಕೆಲಸ ಮಾಡಬೇಕು, ಒಂದು ನಿಂತರೂ ಚೀಟಿ ಉಳಿಯಲ್ಲ ಅಂತಿದ್ದರೆ? ಒಂದೊಂದೂ ತನ್ನ ಪಾಡಿಗೆ ಬೇರೆ ಬೇರೆ ಹೊತ್ತಿನಲ್ಲಿ ನಿಲ್ಲುತ್ತದೆ ಅಂತಿಟ್ಟುಕೊಂಡರೆ ಒಟ್ಟು 99.5ಕ್ಕೆ ಇಳಿಯುತ್ತದೆ. ವರ್ಷಕ್ಕೆ ಹತ್ತಿರ ಹತ್ತಿರ 44 ಗಂಟೆ. ಆರು ಜನರ ತಂಡಕ್ಕೆ ಹನ್ನೆರಡು ಮೈಕ್ರೋಸರ್ವಿಸ್ ಬರೆದುಕೊಡುವ ಉತ್ಸಾಹಿಗಳಿಗೆ ಈ ಲೆಕ್ಕ ಕೊಟ್ಟು ಸುಮ್ನೆ ಕೂರುತ್ತೇನೆ. ಕೆಲವರು ತಾವೇ ಎದ್ದು ಬೋರ್ಡಿನ ಮೇಲಿನ ಡಬ್ಬಗಳನ್ನು ಒರೆಸಿ ಒಟ್ಟು ಮಾಡುತ್ತಾರೆ. ಅಂಥವರು ನನಗಿಷ್ಟ.

ಜನರ ವಿಷಯ ಬಾಕಿ ಇದೆ. ಒಂದು ಸಂಸ್ಥೆಯ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಅವರು ಕಟ್ಟುವ ಸಿಸ್ಟಂ ಕೂಡ ಅದೇ ಆಕಾರಕ್ಕೆ ಬರುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದರು. ಇವತ್ತಿಗೂ ಹಾಗೇ ಇದೆ. ಕುಶಾಲನಗರದ ಗೋಡೌನ್‌ನವರಿಗೂ ಮಡಿಕೇರಿ ಆಫೀಸಿನವರಿಗೂ ಮಾತಿಲ್ಲದಿದ್ದರೆ ಬೆಳೆಗಾರರ ಪಟ್ಟಿ ಎರಡಾಗುತ್ತದೆ, ಒಬ್ಬರದೇ ಹೆಸರು ಎರಡು ಥರ ಇರುತ್ತದೆ. ಇದನ್ನು ಕೋಡ್‌ನಿಂದ ಮಾತ್ರ ಸರಿ ಮಾಡಲು ಆಗುವುದಿಲ್ಲ. ಅದಕ್ಕೆ ನಾನು ಪ್ಯಾನೆಲ್‌ನಲ್ಲಿ ಅಕೌಂಟ್ಸ್‌ನ ಒಬ್ಬರನ್ನು ಕೂರಿಸಿ ಅನ್ನುತ್ತೇನೆ. ಅಭ್ಯರ್ಥಿ ತನ್ನ ಡಿಸೈನನ್ನು ಅವರಿಗೆ ಹತ್ತು ನಿಮಿಷದಲ್ಲಿ ಕನ್ನಡದಲ್ಲಿ ಹೇಳಬೇಕು. ಕೇಳಿದ ಮೇಲೆ ಅಕೌಂಟ್ಸ್‌ನವರಿಗೆ ಒಂದಾದರೂ ಪ್ರಶ್ನೆ ಹುಟ್ಟಿದರೆ ಹೇಳಿದ್ದು ಮುಟ್ಟಿದೆ ಅಂತ ಅರ್ಥ. ಸುಮ್ಮನೆ ತಲೆಯಾಡಿಸಿದರೆ ಮುಟ್ಟಿಲ್ಲ.

ಬರವಣಿಗೆಯನ್ನೂ ನೋಡಿ. ಒಂದೊಂದು ನಿರ್ಧಾರವನ್ನೂ ಒಂದೆರಡು ಪುಟದಲ್ಲಿ ಬರೆದಿಡುವ ಪದ್ಧತಿಯನ್ನು ಸಾಫ್ಟ್‌ವೇರ್ ಲೇಖಕ ಮೈಕೆಲ್ ನೈಗಾರ್ಡ್ 2011ರಲ್ಲಿ ವಿವರಿಸಿದರು: ಸಂದರ್ಭ ಏನಿತ್ತು, ಏನು ನಿರ್ಧರಿಸಿದೆವು, ಅದರಿಂದ ಏನೇನಾಗುತ್ತದೆ. ಮುಖ್ಯವಾಗಿ ಅಷ್ಟೇ. ಬೋರ್ಡಿನ ಮೇಲೆ ಬಂದ ನಿರ್ಧಾರಗಳಲ್ಲಿ ಒಂದನ್ನು ಹೀಗೆ ಬರೆದು ಕಳಿಸಿ ಅಂತ ಹೇಳಿದರೆ ಸಾಕು. ಒಂದು ಗಂಟೆಯ ಕೆಲಸ. ವಾರಗಟ್ಟಲೆ ಹೋಂವರ್ಕ್ ಕೊಡುವ ಕಂಪನಿಗಳನ್ನು ನೋಡಿದ್ದೇನೆ. ಕೈತುಂಬ ಕೆಲಸ ಇರುವ ಒಳ್ಳೆಯವರು ಅದಕ್ಕೆ ಉತ್ತರವನ್ನೇ ಕೊಡುವುದಿಲ್ಲ, ಸರಿಯಾಗಿಯೇ ಮಾಡುತ್ತಾರೆ.

ಈಗ ಯಜಮಾನರಿಗೆ ಒಂದೆರಡು ಮಾತು. ಡೆವಲಪರ್‌ಗೆ ಆರ್ಕಿಟೆಕ್ಟ್ ಅಂತ ಹೆಸರು ಕೊಟ್ಟು, ದಿನನಿತ್ಯದ ಸಣ್ಣ ರಿಪೇರಿ, ಬದಲಾವಣೆಗಳ ಹಳೇ ಟಿಕೆಟ್‌ಗಳನ್ನೂ ಅವರ ತಲೆಗೇ ಕಟ್ಟಿದರೆ ಅವರು ಮಾಡುವುದು ಟಿಕೆಟ್‌ಗಳನ್ನೇ. ಅದು ಅವರಿಗೆ ಚೆನ್ನಾಗಿ ಬರುವ ಕೆಲಸ, ಸಂಜೆಗೆ ಮುಗಿಯುವ ಕೆಲಸ. ಹಳೇ ಕೆಲಸ ಯಾರಿಗೆ ಹೋಗುತ್ತದೆ ಅಂತ ಆಫರ್ ಕೊಡುವ ಮುಂಚೆ ಹೆಸರು ಹಿಡಿದು ಬರೆದಿಡಿ. ಹಾಗಂತ ಕೋಡ್ ಪೂರ್ತಿ ಬಿಡಿಸಬೇಡಿ. ವಾರದಲ್ಲಿ ಒಂದೆರಡು ದಿನವಾದರೂ ಕೋಡ್ ಮುಟ್ಟದ ಆರ್ಕಿಟೆಕ್ಟ್‌ಗೆ ಬಿಲ್ಡ್, ಅಂದರೆ ಬರೆದ ಕೋಡ್ ಓಡುವ ಪ್ರೋಗ್ರಾಂ ಆಗಲು, ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದೇ ಮರೆತುಹೋಗುತ್ತದೆ. ಯಾವ ವಿಷಯದಲ್ಲಿ ಅವರ ಮಾತೇ ಕೊನೆ, ಯಾವುದರಲ್ಲಿ ಸಲಹೆ ಮಾತ್ರ, ಅದೂ ಬರಹದಲ್ಲಿರಲಿ. ಖರ್ಚಿನ ಮಿತಿಯೂ ಇರಲಿ. ಬಾಡಿಗೆಗೆ ಪಡೆದ ಸರ್ವರ್‌ಗಳ ಕ್ಲೌಡ್ ಬಿಲ್ ನೋಡಲು ಅನುಮತಿ ಇಲ್ಲದ ಆರ್ಕಿಟೆಕ್ಟ್‌ಗಳು ಇದ್ದಾರೆ ಅಂದರೆ ನಂಬುತ್ತೀರಾ?

ಆರು ತಿಂಗಳ ನಂತರ ಈ ಕೆಲಸ ನನಗೆ ಒಗ್ಗಲಿಲ್ಲ ಅಂತ ಅವರಿಗೆ ಅನ್ನಿಸಬಹುದು. ದಿನವಿಡೀ ಮೀಟಿಂಗ್, ಕೈಯಲ್ಲಿ ಏನೂ ಮಾಡಿದ ಹಾಗಿಲ್ಲ ಅನ್ನುವ ಬೇಸರ ತುಂಬ ಜನಕ್ಕೆ ಬರುತ್ತದೆ. ಅದೇ ಸಂಬಳದಲ್ಲಿ ಡೆವಲಪರ್ ಕೆಲಸಕ್ಕೆ ವಾಪಸ್ ಬರಬಹುದು ಅನ್ನುವ ಒಂದು ಸಾಲು ಆಫರ್ ಲೆಟರ್‌ನಲ್ಲಿರಲಿ. ಇಲ್ಲದಿದ್ದರೆ ರಾಜೀನಾಮೆ ಕೊಟ್ಟು ಹೋಗುತ್ತಾರೆ, ನಿಮಗೆ ಆರ್ಕಿಟೆಕ್ಟೂ ಇಲ್ಲ, ಡೆವಲಪರೂ ಇಲ್ಲ.

ಕೊನೆಗೆ ಕ್ಯಾಲೆಂಡರ್. ದೊಡ್ಡ ಐಟಿ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ ಸಾಮಾನ್ಯವಾಗಿ 90 ದಿನ. ಬಂದವರಿಗೆ ಗೋಡೌನ್, ಕಣ, ಲೆಡ್ಜರ್ ಎಲ್ಲ ನೋಡಲು ಮೂರು ತಿಂಗಳಾದರೂ ಬೇಕು. ಜನವರಿಯ ಖರೀದಿಗೆ ಸಿಸ್ಟಂ ತಯಾರಿರಬೇಕು ಅಂದರೆ ಆಫರ್ ಲೆಟರ್ ಜೂನ್‌ನಲ್ಲೇ ಹೋಗಬೇಕು, ಇಂಟರ್‌ವ್ಯೂಗಳು ಏಪ್ರಿಲ್‌, ಮೇನಲ್ಲೇ ಮುಗಿಯಬೇಕು. ಜೂನ್ ದಾಟಿದ ಮೇಲೆ ಮನೆಯಿಂದ ವಿಡಿಯೊ ಇಂಟರ್‌ವ್ಯೂ ಇಟ್ಟುಕೊಂಡರೆ ಮಳೆಗೆ ಇಬ್ಬರಲ್ಲಿ ಒಬ್ಬರ ಕರೆಂಟ್ ಹೋಗಿರುತ್ತದೆ.