ಶೇ 45ರಿಂದ 41ಕ್ಕೆ: ಆಟ ಕುಸಿಯಿತೇ, ಅದೃಷ್ಟ ಕೈಕೊಟ್ಟಿತೇ?

ಪ್ರಶ್ನೆ: ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರನ ಎರಡು ಸೀಸನ್‌ಗಳ ಅಂಕಿಅಂಶ ನನ್ನ ಬಳಿ ಇದೆ. ಎರಡನೆಯದರಲ್ಲಿ ಅವನ ಗುರಿಯ ಶೇಕಡಾವಾರು ಇಳಿದಿದೆ. ಆಟ ನಿಜವಾಗಿಯೂ ಕುಸಿದಿದೆಯೇ ಎಂಬುದನ್ನು ಹೈಪಾಥಿಸಿಸ್ ಟೆಸ್ಟ್ (ಕಂಡ ವ್ಯತ್ಯಾಸ ಬರೀ ಆಕಸ್ಮಿಕವಿರಬಹುದೇ ಎಂದು ನೋಡುವ ಪರೀಕ್ಷೆ) ಮಾಡಿ ತಿಳಿಯಬಹುದೇ? ಯಾವ ಟೆಸ್ಟ್ ಬಳಸಬೇಕು?

ಉತ್ತರ: ತಿಳಿಯಬಹುದು, ಆದರೆ ನೀವು ಅಂದುಕೊಂಡಷ್ಟಲ್ಲ. ಯಾವ ಟೆಸ್ಟ್ ಎನ್ನುವುದು ಸುಲಭದ ಭಾಗ. ಚೆಂಡು ಬಿತ್ತು ಅಥವಾ ಬೀಳಲಿಲ್ಲ ಎಂಬ ಲೆಕ್ಕವಾದರೆ ಎರಡು ಅನುಪಾತಗಳನ್ನು ಹೋಲಿಸುವ ಝಡ್-ಟೆಸ್ಟ್. ಪಂದ್ಯಕ್ಕೆ ಎಷ್ಟು ಪಾಯಿಂಟ್ ಎಂಬ ಲೆಕ್ಕವಾದರೆ ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್. ಕಷ್ಟವಿರುವುದು ಯಾವ ಎರಡು ಸೀಸನ್‌ಗಳನ್ನು, ಯಾವ ಕಾರಣಕ್ಕೆ ಎತ್ತಿಕೊಂಡಿರಿ ಎಂಬುದರಲ್ಲಿ. ನಿಜವಾದ ಅಂಕಿಗಳನ್ನೇ ಇಟ್ಟುಕೊಂಡು ನೋಡೋಣ.

ಅಮೆರಿಕದ ಎನ್‌ಬಿಎ ಲೀಗಿನ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಸ್ಟೆಫನ್ ಕರ್ರಿ 2015-16ರಲ್ಲಿ 886 ಥ್ರೀ-ಪಾಯಿಂಟರ್ (ದೂರದಿಂದ ಎಸೆದು ಹಾಕಿದರೆ ಮೂರು ಪಾಯಿಂಟ್ ಸಿಗುವ ಎಸೆತ) ಎಸೆದು 402 ಹಾಕಿದರು, ಅಂದರೆ ಶೇ 45.4. ಮರುವರ್ಷ 789 ಎಸೆತಕ್ಕೆ 324, ಶೇ 41.1. ಎರಡೂ ಸೀಸನ್‌ಗಳಲ್ಲಿ ಆಡಿದ್ದು 79 ಪಂದ್ಯ. ‘ಆಟಗಾರನ ನಿಜವಾದ ಸಾಮರ್ಥ್ಯ ಬದಲಾಗಿಲ್ಲ’ ಎನ್ನುವುದು ನಮ್ಮ ಶೂನ್ಯ ಪ್ರಾಕ್ಕಲ್ಪನೆ, ಅಂದರೆ ಪರೀಕ್ಷೆಗೆ ಒಡ್ಡುವ ಊಹೆ. ಅದು ನಿಜವಾದರೆ ಎರಡೂ ವರ್ಷಗಳನ್ನು ಒಟ್ಟು ಸೇರಿಸಬಹುದು: 1,675 ಎಸೆತಕ್ಕೆ 726, ಶೇ 43.3. ಇಂಥ ಆಟಗಾರ ಇಷ್ಟು ಎಸೆತಗಳನ್ನು ಎಸೆದಾಗ ಎರಡು ಸೀಸನ್‌ಗಳ ನಡುವಿನ ವ್ಯತ್ಯಾಸ ಬರೀ ಆಕಸ್ಮಿಕದಿಂದ ಎಷ್ಟು ಹೊಯ್ದಾಡಬಹುದು? ಆ ಹೊಯ್ದಾಟದ ಅಳತೆಯಾದ ಪ್ರಮಾಣಿತ ದೋಷ ಸುಮಾರು 2.4 ಶೇಕಡಾ ಅಂಶ. ಕಂಡ ವ್ಯತ್ಯಾಸ 4.3. ಭಾಗಿಸಿದರೆ ಝಡ್ ಬೆಲೆ 1.78; ಇಬ್ಬದಿಯ ಪಿ-ಮೌಲ್ಯ 0.076. ಅಂದರೆ ಸಾಮರ್ಥ್ಯ ಬದಲಾಗದಿದ್ದರೂ ಏರಿಕೆಯಾಗಲಿ ಇಳಿಕೆಯಾಗಲಿ ಕನಿಷ್ಠ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಶೇ 7.6.

ವಾಡಿಕೆಯ ಗೆರೆ 0.05; ಪಿ-ಮೌಲ್ಯ ಅದಕ್ಕಿಂತ ಕೆಳಗಿದ್ದರೆ ಮಾತ್ರ ವ್ಯತ್ಯಾಸವನ್ನು ನಿಜವೆಂದು ಒಪ್ಪುತ್ತಾರೆ. ಹಾಗಾದರೆ ‘ಕುಸಿತ ಸಾಬೀತಾಗಿಲ್ಲ’ ಎನ್ನಬೇಕು. ಆದರೆ ಒಬ್ಬರು ಎದ್ದು, ‘ನಾನು ಕೇಳಿದ್ದು ಕುಸಿದಿದೆಯೇ ಎಂದು ಮಾತ್ರ, ಏರಿದೆಯೇ ಎಂದಲ್ಲ, ಒಂದೇ ಬದಿಯ ಟೆಸ್ಟ್ ಮಾಡಿ’ ಎಂದರೆ ಪಿ-ಮೌಲ್ಯ ಅರ್ಧಕ್ಕಿಳಿದು 0.038 ಆಗುತ್ತದೆ, ಅದೇ ಅಂಕಿಗಳಿಂದ ಕುಸಿತ ಸಾಬೀತಾಗುತ್ತದೆ! ಅಂಕಿ ನೋಡಿದ ಮೇಲೆ ದಿಕ್ಕು ಆರಿಸಿಕೊಂಡವರಿಗೆ ಈ ರಿಯಾಯಿತಿ ಸಲ್ಲದು. ಶೇಕಡಾವಾರು ಏರಿದ್ದರೆ ಅವರೇ ‘ಸುಧಾರಿಸಿದೆಯೇ’ ಎಂದು ಕೇಳುತ್ತಿದ್ದರು ತಾನೇ?

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. 2015-16 ಯಾವ ಸೀಸನ್ ಎಂದು ನೆನಪಿಸಿಕೊಳ್ಳಿ. ಒಂದೇ ಸೀಸನ್‌ನಲ್ಲಿ 286 ಥ್ರೀ-ಪಾಯಿಂಟರ್ ಎಂಬ ತಮ್ಮದೇ ದಾಖಲೆಯನ್ನು ಮುರಿದು ಕರ್ರಿ 402ಕ್ಕೆ ಮುಟ್ಟಿದ ವರ್ಷ. ಎನ್‌ಬಿಎ ಇತಿಹಾಸದಲ್ಲಿ ಮೊದಲ ಬಾರಿಗೆ ಸರ್ವಾನುಮತದಿಂದ ‘ಅತ್ಯಮೂಲ್ಯ ಆಟಗಾರ’ ಪ್ರಶಸ್ತಿ ಒಬ್ಬರಿಗೆ ಸಂದ ವರ್ಷ. ಅಷ್ಟು ಒಳ್ಳೆಯ ಸೀಸನ್‌ನಲ್ಲಿ ಸಾಮರ್ಥ್ಯದ ಜೊತೆ ಸ್ವಲ್ಪ ಅದೃಷ್ಟವೂ ಕೂಡಿರುವ ಸಂಭವ ಹೆಚ್ಚು. ಮರುವರ್ಷ ಅದೃಷ್ಟದ ಪಾಲು ಕರಗಿದರೆ ಸಾಕು, ಸಾಮರ್ಥ್ಯ ಕೂದಲೆಳೆಯಷ್ಟೂ ಬದಲಾಗದೆ ಅಂಕಿ ಇಳಿಯುತ್ತದೆ. ಶಿಖರವನ್ನೇ ಆರಿಸಿ ಅದರ ಪಕ್ಕದ ವರ್ಷದೊಂದಿಗೆ ಹೋಲಿಸಿದ್ದೀರಿ ಎಂಬ ಸಂಗತಿ ಝಡ್-ಟೆಸ್ಟ್‌ಗೆ ಗೊತ್ತೇ ಇರುವುದಿಲ್ಲ. ಆದ್ದರಿಂದ 0.076 ಎಂಬುದೂ ನನ್ನ ದೃಷ್ಟಿಯಲ್ಲಿ ಕುಸಿತದ ಪರ ವಾಲಿದ ಸಂಖ್ಯೆಯೇ.

ಹಾಗೆಂದು ‘ಆಟ ಬದಲಾಗಿಲ್ಲ’ ಎಂದು ತೀರ್ಪು ಕೊಡುವ ಅಧಿಕಾರವೂ ನಮಗಿಲ್ಲ. ವ್ಯತ್ಯಾಸದ ಶೇ 95ರ ವಿಶ್ವಾಸಾಂತರ (ಈ ಅಂಕಿಗಳಿಗೆ ಒಗ್ಗುವ ನಿಜ ವ್ಯತ್ಯಾಸಗಳ ವ್ಯಾಪ್ತಿ) ಹಾಕಿದರೆ ಅದು 0.4 ಅಂಶದ ಏರಿಕೆಯಿಂದ 9.1 ಅಂಶದ ಇಳಿಕೆಯವರೆಗೆ ಚಾಚಿಕೊಂಡಿದೆ. ಎಂಟು ಅಂಶದ ಇಳಿಕೆಯಾದರೂ ಈ ಅಂಕಿಗಳಿಗೆ ಒಗ್ಗುತ್ತದೆ, ಏನೂ ಆಗಿಲ್ಲ ಎಂದರೂ ಒಗ್ಗುತ್ತದೆ. ಸಾಮರ್ಥ್ಯ ನಿಜಕ್ಕೂ 4 ಅಂಶ ಕುಸಿದಿದ್ದರೂ ಸೀಸನ್‌ಗೆ ಎಂಟುನೂರು ಚಿಲ್ಲರೆ ಎಸೆತಗಳಿಂದ ಈ ಟೆಸ್ಟ್ ಅದನ್ನು ಹಿಡಿಯುವ ಸಾಧ್ಯತೆ ಶೇ 40ಕ್ಕಿಂತ ಕಡಿಮೆ. ಶೇ 80ರಷ್ಟು ಭರವಸೆ ಬೇಕೆಂದರೆ ಎರಡೂ ಕಡೆ ತಲಾ 2,400 ಎಸೆತ ಬೇಕು. ಲೀಗಿನಲ್ಲೇ ಅತಿ ಹೆಚ್ಚು ಎಸೆಯುವವರಲ್ಲಿ ಒಬ್ಬರಾದ ಕರ್ರಿಯವರಿಗೇ ಅದು ಮೂರು ಸೀಸನ್‌ಗಳ ದುಡಿಮೆ. ಟಿವಿ ಚರ್ಚೆಗಳಲ್ಲಿ ಹತ್ತು ಪಂದ್ಯ ನೋಡಿ ‘ಫಾರ್ಮ್ ಹೋಯಿತು’ ಎನ್ನುವವರ ಧೈರ್ಯಕ್ಕೆ ಮೆಚ್ಚಬೇಕು.

2016ರ ನವೆಂಬರ್ 4ರಂದು ಲೇಕರ್ಸ್ ವಿರುದ್ಧ ಕರ್ರಿ ಹತ್ತು ಥ್ರೀ-ಪಾಯಿಂಟರ್ ಎಸೆದು ಒಂದನ್ನೂ ಹಾಕಲಿಲ್ಲ. ನವೆಂಬರ್ 7ರಂದು ಪೆಲಿಕನ್ಸ್ ವಿರುದ್ಧ 17ರಲ್ಲಿ 13 ಹಾಕಿ ಒಂದೇ ಪಂದ್ಯದ ಅಂದಿನ ದಾಖಲೆ ಬರೆದರು. ಮೂರು ದಿನದಲ್ಲಿ ಮನುಷ್ಯ ಬದಲಾಗಲಿಲ್ಲ.

ಟೆಸ್ಟ್ ಇನ್ನೊಂದು ಮಾತನ್ನೂ ಸದ್ದಿಲ್ಲದೆ ಒಪ್ಪಿಕೊಂಡಿರುತ್ತದೆ: ಎಲ್ಲ ಎಸೆತಗಳೂ ಒಂದೇ ತೂಕದವು, ಒಂದಕ್ಕೊಂದು ಸಂಬಂಧವಿಲ್ಲದವು ಎಂದು. ಆದರೆ 2016ರ ಬೇಸಿಗೆಯಲ್ಲಿ ಇನ್ನೊಬ್ಬ ತಾರಾ ಆಟಗಾರ ಕೆವಿನ್ ಡುರಾಂಟ್ ತಂಡಕ್ಕೆ ಬಂದರು. ಚೆಂಡು ಹಂಚಿಕೆಯಾಯಿತು, ಕರ್ರಿಯವರ ಎಸೆತಗಳೇ ನೂರರ ಹತ್ತಿರ ಕಡಿಮೆಯಾದವು. ಕಾವಲಿಗೆ ನಿಂತವನ ಅಂತರ, ಎಸೆದ ದೂರ, ದಣಿವು ಯಾವುದೂ ಆ ಎರಡು ಭಿನ್ನರಾಶಿಗಳಲ್ಲಿ ಇಲ್ಲ. ಎಸೆತಗಳಿಗೆ ಒಂದಕ್ಕೊಂದು ಸಂಬಂಧವಿಲ್ಲವೇ ಎಂಬುದೂ ವಿವಾದದ ವಿಷಯ: ಸತತ ಹಾಕಿದವನು ಮುಂದಿನದನ್ನೂ ಹಾಕುವ ಸಂಭವ ಹೆಚ್ಚು ಎಂಬ ‘ಬಿಸಿ ಕೈ’ ನಂಬಿಕೆ ಭ್ರಮೆ ಎಂದು 1985ರಲ್ಲಿ ಗಿಲೋವಿಚ್, ವ್ಯಾಲೋನ್, ಟ್ವೆರ್ಸ್ಕಿ ಎಂಬ ಸಂಶೋಧಕರು ಬರೆದರು. ಅವರ ಲೆಕ್ಕದಲ್ಲೇ ಓರೆಯಿದೆ ಎಂದು 2018ರಲ್ಲಿ ಮಿಲ್ಲರ್ ಮತ್ತು ಸಾನ್ಹುರ್ಹೊ ತೋರಿಸಿದರು. ಆ ಜಗಳ ಇಲ್ಲಿ ಬೇಡ.

ಕಾಲಕ್ರಮದ ಹೋಲಿಕೆ ಮಾಡಲೇಬೇಕೆಂದರೆ ನಾನು ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಪ್ರತಿಯಾಗಿ ಸಿಗುವ ಎಸೆತ) ಆರಿಸುತ್ತೇನೆ. ಅಲ್ಲಿ ದೂರ ಒಂದೇ, ಅಡ್ಡ ನಿಲ್ಲುವವರಿಲ್ಲ. ಯಾನಿಸ್ ಆಂಟೆಟೊಕೌಂಪೊ 2018-19ರಲ್ಲಿ ಶೇ 72.9 ಫ್ರೀ ಥ್ರೋ ಹಾಕಿದ್ದವರು ಮರುವರ್ಷ ಶೇ 63.3ಕ್ಕೆ ಇಳಿದರು. ಎರಡೂ ಸೀಸನ್‌ಗಳಲ್ಲಿ ಎಸೆದದ್ದು 600ಕ್ಕೂ ಹೆಚ್ಚು. ಝಡ್ ಬೆಲೆ 3.7ರ ಆಸುಪಾಸು, ಪಿ-ಮೌಲ್ಯ ಸಾವಿರದಲ್ಲಿ ಒಂದಕ್ಕಿಂತ ಎಷ್ಟೋ ಕೆಳಗೆ. ಇಷ್ಟು ದೊಡ್ಡ ಇಳಿತವನ್ನು ಅದೃಷ್ಟದ ತಲೆಗೆ ಕಟ್ಟಲಾಗದು. ಏಕೆ ಇಳಿಯಿತು ಎಂದು ಮಾತ್ರ ಟೆಸ್ಟನ್ನು ಕೇಳಬೇಡಿ.

ನೀವು ಶೇಕಡಾವಾರಿನ ಜೊತೆಗೆ ರೀಬೌಂಡ್, ಅಸಿಸ್ಟ್, ಸ್ಟೀಲ್ ಎಂದು ಸಿಕ್ಕಿದ್ದನ್ನೆಲ್ಲ ಪರೀಕ್ಷಿಸುವ ಯೋಚನೆಯಲ್ಲಿದ್ದರೆ ಕೈ ತಡೆಯಿರಿ. ಏನೂ ಬದಲಾಗದಿದ್ದರೂ, ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಟೆಸ್ಟ್‌ಗಳಲ್ಲಿ ಒಂದಾದರೂ 0.05ರ ಗೆರೆ ದಾಟುವ ಸಾಧ್ಯತೆ ಶೇ 64. ಯಾವ ಅಂಕಿ, ಯಾವ ಅವಧಿ, ಎಷ್ಟು ಬದಿಯ ಟೆಸ್ಟ್ ಎಂಬುದನ್ನು ಲೆಕ್ಕ ಶುರು ಮಾಡುವ ಮೊದಲೇ ಬರೆದಿಡಿ.

ಪಂದ್ಯವಾರು ಪಾಯಿಂಟ್‌ಗಳನ್ನು ಹೋಲಿಸುವುದಾದರೆ ಎಕ್ಸೆಲ್‌ನ ಟಿ.ಟೆಸ್ಟ್ ಸೂತ್ರ ಸಾಕು. ಅದರ ಕೊನೆಯ ಜಾಗದಲ್ಲಿ 3 ಎಂದು ಕೊಡಿ; ಎರಡೂ ಸೀಸನ್‌ಗಳ ಏರಿಳಿತ ಒಂದೇ ಇರಬೇಕೆಂಬ ಷರತ್ತು ಅಲ್ಲಿ ಇರುವುದಿಲ್ಲ. 1 ಎಂದು ಕೊಟ್ಟರೆ ಅದು ಜೋಡಿ ಹೋಲಿಕೆ, ಮೊದಲ ಸೀಸನ್‌ನ ಐದನೇ ಪಂದ್ಯವನ್ನು ಎರಡನೆಯದರ ಐದನೇ ಪಂದ್ಯಕ್ಕೆ ಗಂಟುಹಾಕುತ್ತದೆ. ಆ ಎರಡು ಪಂದ್ಯಗಳಿಗೆ ಎದುರಾಳಿಯೂ ಬೇರೆ, ಅಂಗಳವೂ ಬೇರೆ.