ಫ್ಯೂಜಿ ಬೆಟ್ಟಕ್ಕೆ ಗೇಟು ಬಂದದ್ದು ಯಾಕೆ?

ಜಪಾನಿನ ಅತಿ ಎತ್ತರದ ಬೆಟ್ಟ ಫ್ಯೂಜಿ, 3,776 ಮೀಟರ್. ಅದನ್ನು ಹತ್ತುವವರಲ್ಲಿ ಹೆಚ್ಚಿನವರು ಹಿಡಿಯುವುದು ಯೋಶಿದಾ ದಾರಿ. 2024ರ ಬೇಸಿಗೆಯಲ್ಲಿ ಆ ದಾರಿಗೆ ಗೇಟು ಬಂತು. ತಲೆಗೆ 2,000 ಯೆನ್, ದಿನಕ್ಕೆ 4,000 ಜನ ಮಾತ್ರ. ಸಂಜೆ 4ರಿಂದ ಬೆಳಗಿನ ಜಾವ 3ರವರೆಗೆ ಗೇಟು ಬಂದ್, ಮೇಲಿನ ತಂಗುಮನೆಗಳಲ್ಲಿ ಜಾಗ ಕಾದಿರಿಸಿದವರನ್ನು ಮಾತ್ರ ಆ ಹೊತ್ತಲ್ಲಿ ಬಿಡುತ್ತಿದ್ದರು. ವಿದೇಶಿ ಪ್ರವಾಸಿಗರು ಜಾಸ್ತಿಯಾದರು, ಅದಕ್ಕೇ ಹೀಗಾಯಿತು ಅಂತ ತುಂಬ ಜನ ಹೇಳುತ್ತಾರೆ. ಅದು ಅರ್ಧ ಸತ್ಯ. ನನ್ನ ಪ್ರಕಾರ ಈ ಗೇಟಿನ ಕತೆ ಶುರುವಾಗುವುದು 1964ರಲ್ಲಿ, ಒಂದು ರಸ್ತೆಯಿಂದ.

ಅದಕ್ಕೂ ಮೊದಲು ಹೇಗಿತ್ತು ನೋಡಿ. ಎದೊ ಕಾಲದಲ್ಲಿ, ಅಂದರೆ ಟೋಕಿಯೊಗೆ ಎದೊ ಅಂತ ಹೆಸರಿದ್ದಾಗ, ಫ್ಯೂಜಿ ಹತ್ತುವುದು ಪೂಜೆಯೇ ಆಗಿತ್ತು. ಭಕ್ತರು ಫ್ಯೂಜಿ-ಕೋ ಎಂಬ ಗುಂಪು ಕಟ್ಟಿಕೊಳ್ಳುತ್ತಿದ್ದರು. ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಹಾಕುವುದು, ನಮ್ಮ ಚೀಟಿ ವ್ಯವಹಾರದ ಹಾಗೆ ಹೆಸರು ಎತ್ತುವುದು, ಹೆಸರು ಬಂದವರು ಇಡೀ ಗುಂಪಿನ ಪರವಾಗಿ ಹೋಗಿ ಬೆಟ್ಟ ಹತ್ತಿ ಬರುವುದು. ಎದೊದಿಂದ ಯೋಶಿದಾ ಊರಿಗೆ ದಿನಗಟ್ಟಲೆ ನಡಿಗೆ. ಅಲ್ಲಿ ಓಶಿ ಎಂಬ ಅರ್ಚಕರ ಮನೆಯಲ್ಲಿ ತಂಗಿ, ಸೆಂಗೆನ್ ದೇವಸ್ಥಾನದಲ್ಲಿ ಕೈಮುಗಿದು, ಬೆಟ್ಟದ ಬುಡದಿಂದಲೇ ಹತ್ತಬೇಕು. ಹೋಗಲಾಗದವರಿಗಾಗಿ ಎದೊದ ಒಳಗೇ ಫ್ಯೂಜಿಯ ಕಲ್ಲು ತಂದಿಟ್ಟು ಪುಟ್ಟ ದಿಬ್ಬಗಳನ್ನು ಕಟ್ಟಿದರು. ಫ್ಯೂಜಿಜೂಕಾ ಅನ್ನುವ ಆ ದಿಬ್ಬಗಳಲ್ಲಿ ಕೆಲವು ಟೋಕಿಯೊದಲ್ಲಿ ಈಗಲೂ ಇವೆ. ಎಷ್ಟು ಒಳ್ಳೆಯ ಯೋಚನೆ ಅಲ್ವಾ?

ಆದರೆ ಹೆಂಗಸರಿಗೆ ತುದಿಯವರೆಗೆ ಹೋಗಲು ಬಿಡುತ್ತಿರಲಿಲ್ಲ. 1832ರಲ್ಲಿ ತಕಾಯಾಮಾ ತತ್ಸು ಎಂಬಾಕೆ ಗಂಡಸಿನ ವೇಷ ಹಾಕಿಕೊಂಡು ಹತ್ತಿದಳು. ನಿಷೇಧವನ್ನು ಸರ್ಕಾರ ತೆಗೆದದ್ದು 1872ರಲ್ಲಿ, ನಲವತ್ತು ವರ್ಷ ಆದಮೇಲೆ. ಹಾಗಾಗಿ ಹಳೆಯ ಕಾಲವೆಲ್ಲ ಚೆನ್ನಾಗಿತ್ತು ಅಂತ ನಾನಂತೂ ಹೇಳಲಾರೆ.

1964ರಲ್ಲಿ, ಟೋಕಿಯೊ ಒಲಿಂಪಿಕ್ಸ್ ನಡೆದ ವರ್ಷ, ಫ್ಯೂಜಿ ಸುಬಾರು ಲೈನ್ ಎಂಬ ಟೋಲ್ ರಸ್ತೆ ತೆರೆಯಿತು. ಬುಡದಿಂದ ತುದಿಯವರೆಗಿನ ದಾರಿಯನ್ನು ಹತ್ತು ಹಂತಗಳಾಗಿ ಎಣಿಸುತ್ತಾರೆ; ಈ ರಸ್ತೆ ಬಸ್ಸನ್ನು ನೇರವಾಗಿ 5ನೇ ಹಂತಕ್ಕೆ, ಸುಮಾರು 2,300 ಮೀಟರ್ ಎತ್ತರಕ್ಕೆ ತಂದು ಬಿಡುತ್ತದೆ. ಹೆಚ್ಚುಕಮ್ಮಿ ಅರ್ಧ ಬೆಟ್ಟ ಕೂತಲ್ಲೇ ಮುಗಿಯಿತು! ಬುಡದಿಂದ ಹತ್ತುವ ದಾರಿ ಖಾಲಿಯಾಯಿತು, ಅಲ್ಲಿದ್ದ ಚಹಾ ಅಂಗಡಿಗಳು ಮುಚ್ಚಿದವು. ಸಂಜೆ ಬಸ್ಸಿಳಿದು, ರಾತ್ರಿಯಿಡೀ ನಿದ್ದೆಯಿಲ್ಲದೆ ಹತ್ತಿ, ಸೂರ್ಯೋದಯ ನೋಡಿ ಬೆಳಿಗ್ಗೆಯೇ ವಾಪಸ್ ಹೊರಡುವ ಹೊಸ ಅಭ್ಯಾಸ ಶುರುವಾಯಿತು. ಇದಕ್ಕೆ ಜಪಾನಿನಲ್ಲಿ 'ಗುಂಡಿನ ವೇಗದ ಚಾರಣ' ಅಂತಲೇ ಹೆಸರು. ದೇಹ ಎತ್ತರಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ, ಚಳಿಗೆ ಮೈ ಮರಗಟ್ಟುತ್ತದೆ.

ಕಸದ, ಶೌಚಾಲಯದ ಗೋಳೂ ಇದರ ಜೊತೆಗೇ ಬೆಳೆಯಿತು. ಫ್ಯೂಜಿಯನ್ನು ವಿಶ್ವ ನೈಸರ್ಗಿಕ ಪರಂಪರೆಗೆ ಸೇರಿಸುವ 1990ರ ದಶಕದ ಪ್ರಯತ್ನ ಕೈಗೂಡಲಿಲ್ಲ. ಕೊನೆಗೆ 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಸಾಂಸ್ಕೃತಿಕ ತಾಣವಾಗಿ. ಮುಂದಿನ ವರ್ಷ 1,000 ಯೆನ್ ಸ್ವಯಂ ಕಾಣಿಕೆ ಬಂತು. ಕೊಟ್ಟರೆ ಕೊಡಿ, ಇಲ್ಲದಿದ್ದರೆ ಇಲ್ಲ. ಕೋವಿಡ್ ಮುಗಿದಮೇಲೆ ಜನ ಮತ್ತೆ ಮುಗಿಬಿದ್ದಾಗ ಕಾಣಿಕೆ ಸಾಲದೆ ಗೇಟೇ ಬೇಕಾಯಿತು. 2025ರಲ್ಲಿ ಶುಲ್ಕ 4,000 ಯೆನ್‌ಗೆ ಏರಿತು, ಬೆಟ್ಟದ ಇನ್ನೊಂದು ಬದಿಯ ಶಿಜುವೊಕಾ ಪ್ರಾಂತ್ಯದ ಮೂರು ದಾರಿಗಳಿಗೂ ಬಂತು, ಗೇಟು ಮುಚ್ಚುವ ಹೊತ್ತು ಮಧ್ಯಾಹ್ನ 2ಕ್ಕೆ ಸರಿಯಿತು.

ಗೇಟು ಒಳ್ಳೆಯದೇ. ರಾತ್ರಿಯ ಓಟ ನಿಲ್ಲಿಸಲು ಅದು ಬೇಕು. ಆದರೆ ಬಸ್ಸುಗಳು ಈಗಲೂ 5ನೇ ಹಂತಕ್ಕೆ ಸಾಲುಗಟ್ಟಿ ಬರುತ್ತವೆ, ಗೇಟು ಇರುವುದು ಅಲ್ಲಿಂದ ಮೇಲೆ ಹತ್ತುವ ದಾರಿಗೆ, ಹಾಗಾಗಿ ಬೆಟ್ಟ ಹತ್ತದೆ ಸುಮ್ನೆ ಫೋಟೊ ತೆಗೆದುಕೊಂಡು ಹೋಗುವವರಿಗೆ ಅದು ಅಡ್ಡಬರುವುದೇ ಇಲ್ಲ. ಸುಬಾರು ಲೈನ್ ರಸ್ತೆಯಲ್ಲಿ ಬಸ್ಸಿನ ಬದಲು ಲಘು ರೈಲು ಓಡಿಸೋಣ, ಆಗ ಎಷ್ಟು ಜನ ಬರಬೇಕು ಅನ್ನುವುದು ನಮ್ಮ ಕೈಯಲ್ಲಿರುತ್ತದೆ ಅಂತ ಯೋಶಿದಾ ದಾರಿ ಇರುವ ಯಾಮಾನಾಶಿ ಪ್ರಾಂತ್ಯದ ಆಡಳಿತ ಹೇಳಿತು. ಹಳಿ ಹಾಕಲು ಬೆಟ್ಟ ಅಗೆಯಬೇಡಿ ಅಂತ ಬುಡದಲ್ಲಿರುವ ಫ್ಯೂಜಿಯೋಶಿದಾ ಊರು ವಿರೋಧಿಸಿತು. 2024ರ ಕೊನೆಗೆ ಹಳಿಯ ಯೋಜನೆ ಕೈಬಿಟ್ಟು, ರಬ್ಬರ್ ಚಕ್ರದ ಟ್ರಾಮ್ ಮಾತು ಬಂತು. ಚಕ್ರ ಯಾವುದಾದರೂ ಇರಲಿ, ಎಣಿಕೆ ಆ ರಸ್ತೆಯ ಬುಡದಲ್ಲೇ ಶುರುವಾಗಬೇಕು.