ಓದುಗರ ಪ್ರಶ್ನೆ: ಮಗುವಿನ ಸಕ್ಕರೆ ಕಾಯಿಲೆ ವಾಸಿಯಾಗುವ ದಿನ ಬಂದೀತೇ?

ಪ್ರಶ್ನೆ: ನಮ್ಮ ಮಗಳಿಗೆ ಒಂಬತ್ತು ವರ್ಷ. ಟೈಪ್ 1 ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಎರಡು ವರ್ಷವಾಯಿತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಕೊಡುತ್ತೇವೆ. ಹೊಸ ಚಿಕಿತ್ಸೆ ಬಂದಿದೆಯೆಂದು ಮೊಬೈಲಿನಲ್ಲಿ ಸುದ್ದಿ ಬರುತ್ತಲೇ ಇರುತ್ತದೆ. ನಾವು ಆಸೆ ಇಟ್ಟುಕೊಳ್ಳಬಹುದೇ?
– ಒಬ್ಬ ತಾಯಿ, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ

ಉತ್ತರ: ಧಾರಾಳವಾಗಿ ಇಟ್ಟುಕೊಳ್ಳಬಹುದು. ಆದರೆ ಆ ಆಸೆಯನ್ನು ನಂಬಿಕೊಂಡು ಇವತ್ತಿನ ಒಂದು ಯೂನಿಟ್ ಇನ್ಸುಲಿನ್ನನ್ನೂ ಕಡಿಮೆ ಮಾಡುವಂತಿಲ್ಲ.

ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. (ಸಿಹಿ ತಿನ್ನಿಸಿದ್ದರಿಂದ ಬಂತೆಂದು ನೆಂಟರು ಯಾರಾದರೂ ಹೇಳಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.) ಆದ್ದರಿಂದ ವಾಸಿ ಮಾಡಲು ಎರಡು ಕೆಲಸಗಳಾಗಬೇಕು: ಕಳೆದುಹೋದ ಕೋಶಗಳನ್ನು ಮರಳಿ ಕೊಡಬೇಕು, ಅವುಗಳ ಮೇಲೆ ಮತ್ತೆ ದಾಳಿಯಾಗದಂತೆ ಕಾಯಬೇಕು.

ಮೊದಲ ಕೆಲಸ ಸಾಕಷ್ಟು ಮುಂದೆ ಹೋಗಿದೆ. ಸ್ಟೆಮ್ ಸೆಲ್‌ಗಳಿಂದ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳು) ಪ್ರಯೋಗಾಲಯದಲ್ಲಿ ಬೆಳೆಸಿದ, ಇನ್ಸುಲಿನ್ ತಯಾರಿಸುವ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಮಂದಿಯಲ್ಲಿ 10 ಮಂದಿಗೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬೇಕಾಗಿರಲಿಲ್ಲವೆಂಬ ವರದಿ 2025ರ ಜೂನ್‌ನಲ್ಲಿ ಪ್ರಕಟವಾಯಿತು. ಆದರೆ ಅವರೆಲ್ಲರೂ ಸಕ್ಕರೆ ಅಂಶ ಅಪಾಯಕರವಾಗಿ ಕುಸಿಯುವ ತೊಂದರೆಯಿದ್ದ ವಯಸ್ಕರು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ, ಸೋಂಕುಗಳಿಗೆ ದಾರಿಮಾಡಿಕೊಡುವ ಮಾತ್ರೆಗಳನ್ನು ಅವರು ನಿತ್ಯವೂ ನುಂಗಬೇಕು. ಒಂಬತ್ತು ವರ್ಷದ ಮಗುವಿಗೆ ಇನ್ಸುಲಿನ್ ಬಿಡಿಸಿ ಆ ಮಾತ್ರೆ ಹಿಡಿಸುವುದು ಲಾಭದ ವ್ಯವಹಾರವೆಂದು ನನಗೆ ಅನ್ನಿಸುವುದಿಲ್ಲ. ಅದೇ ವರ್ಷ ಸ್ವೀಡನ್‌ನಲ್ಲಿ, ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳದಂತೆ ಜೀನ್ ತಿದ್ದಿದ ಕೋಶಗಳು ಅಂಥ ಮಾತ್ರೆಗಳಿಲ್ಲದೆಯೇ ಒಬ್ಬ ವ್ಯಕ್ತಿಯ ದೇಹದಲ್ಲಿ ಉಳಿದು ಇನ್ಸುಲಿನ್ ತಯಾರಿಸಿದವು. ಕೊಟ್ಟ ಪ್ರಮಾಣ ಚಿಕ್ಕದಾದ್ದರಿಂದ ಅವರಿಗೆ ಇಂಜೆಕ್ಷನ್ ತಪ್ಪಲಿಲ್ಲ. ಆದರೂ ಎರಡನೆಯ ಕೆಲಸಕ್ಕೆ ದಾರಿಯಿದೆಯೆಂಬುದು ಅಲ್ಲಿ ಕಂಡಿತು. ನನ್ನ ಭರವಸೆ ಹೆಚ್ಚಾಗಿ ನಿಂತಿರುವುದು ಇದರ ಮೇಲೆ.

2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಪ್ಲಿಝುಮಾಬ್ ಕೂಡ ಸುದ್ದಿಯಲ್ಲಿರುತ್ತದೆ. ಅದು ಕಾಯಿಲೆ ಇನ್ನೂ ಪೂರ್ತಿ ಕಾಣಿಸಿಕೊಳ್ಳದವರಲ್ಲಿ ಅದನ್ನು ಮುಂದೂಡುವ ಔಷಧ. ನಿಮ್ಮ ಮಗಳಿಗೆ ಅನ್ವಯಿಸದು.

ಇನ್ನು ನಮ್ಮ ಕಡೆಯ ಮಾತು. 'ಯಾರೋ ಬೇರು ಕೊಟ್ಟರು, ಮಗು ಇನ್ಸುಲಿನ್ ಬಿಟ್ಟಿತು' ಎಂಬ ಕಥೆ ರಾಯಚೂರು, ಕೊಪ್ಪಳದ ಸಂತೆಗಳಲ್ಲಿ ಕಿವಿಗೆ ಬೀಳದೆ ಇರದು. ಇನ್ಸುಲಿನ್ ಚಿಕಿತ್ಸೆ ಶುರುವಾದ ಮೇಲೆ ಕೆಲವು ತಿಂಗಳು, ಉಳಿದಿರುವ ಬೀಟಾ ಕೋಶಗಳು ಚೇತರಿಸಿಕೊಂಡು ಇನ್ಸುಲಿನ್ ಅಗತ್ಯ ಬಹಳ ಇಳಿಯುವುದುಂಟು. ವೈದ್ಯರು ಇದನ್ನು ಹನಿಮೂನ್ ಅವಧಿ ಎನ್ನುತ್ತಾರೆ. ಅದೇ ಹೊತ್ತಿಗೆ ಬೇರು ಕೊಟ್ಟವನಿಗೆ ಹೆಸರು ಬರುತ್ತದೆ. ಅವನ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ (ಸಕ್ಕರೆಯ ಬದಲು ಕೊಬ್ಬು ಕರಗಿದಾಗ ಹುಟ್ಟುವ ಆಮ್ಲ) ಏರಿ, ವಾಂತಿ, ಏದುಸಿರು ಶುರುವಾಗಿ ಕೆಲವೇ ದಿನಗಳಲ್ಲಿ ಮಗುವಿನ ಜೀವಕ್ಕೆ ಕುತ್ತು ಬರುತ್ತದೆ.

ದುಡ್ಡು ತೆಗೆದುಕೊಂಡು ಸ್ಟೆಮ್ ಸೆಲ್ ಚುಚ್ಚುತ್ತೇವೆನ್ನುವ ಕ್ಲಿನಿಕ್ಕುಗಳನ್ನೂ ಇದೇ ಸಾಲಿಗೆ ಸೇರಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಸಕ್ಕರೆ ಕಾಯಿಲೆಗೆ ಅದು ಅಂಗೀಕೃತ ಚಿಕಿತ್ಸೆಯಲ್ಲ. ನಿಜವಾದ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ ಸಂಖ್ಯೆ ಇರುತ್ತದೆ. ಮೊದಲು ಅದನ್ನು ಕೇಳಿ.

ಚಿಕಿತ್ಸೆ ಬರುವ ದಿನಕ್ಕೆ ಮಗಳ ಕಣ್ಣು, ಮೂತ್ರಪಿಂಡ ಗಟ್ಟಿಯಾಗಿರಬೇಕು. ಅದಕ್ಕೆ ಇನ್ಸುಲಿನ್ ಕೆಡದಂತೆ ಕಾಯಬೇಕು, ತಪಾಸಣೆ ತಪ್ಪಿಸಬಾರದು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ; ತೆರೆಯದ ಇನ್ಸುಲಿನ್ ಬಾಟಲಿಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯೊಳಗೆ ಇಡಿ, ಫ್ರೀಜರಿನಲ್ಲಿ ಬೇಡ. ಕರೆಂಟ್ ಹೋಗಿ ಗಂಟೆಗಟ್ಟಲೆ ಬರದಿದ್ದರೆ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ಬಾಟಲಿಯನ್ನು ನೀರು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗಿಡಿ. ನೆರಳಿನಲ್ಲಿ ಗಾಳಿಯಾಡುವ ಕಡೆ ಇಟ್ಟರೆ ಹೊರಗಿನ ಸೆಕೆಗಿಂತ ತಂಪಾಗಿರುತ್ತದೆ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ. ಹನ್ನೊಂದು ವರ್ಷ ತುಂಬಿದಾಗ ಮೂತ್ರದ ಅಲ್ಬುಮಿನ್ (ಮೂತ್ರಪಿಂಡಕ್ಕೆ ಪೆಟ್ಟಾದಾಗ ಮೂತ್ರದಲ್ಲಿ ಸೋರುವ ಪ್ರೋಟೀನ್) ಮತ್ತು ಕಣ್ಣಿನ ರೆಟಿನಾ ತಪಾಸಣೆ ಶುರುಮಾಡುವಂತೆ ವೈದ್ಯರಿಗೆ ಈಗಲೇ ಹೇಳಿಡಿ.